ಗದ್ದೆಗೆ ಹಾಕಿದ ಸತು, ನಾನು ನುಂಗಿದ ಸತು

ಗಂಗಾವತಿ ಸೀಮೆಯಲ್ಲಿ ಭತ್ತ ಬೆಳೆಯುವ ನನಗೆ ಸತು ಹೊಸದಲ್ಲ. ನಾಟಿ ಮಾಡಿದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಕಂಡರೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿಯೇ ಬೆಳೆದವನು ನಾನು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದಿದ್ದಾಗ, ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದ ಮೇಲಷ್ಟೇ (ಇದು ನಾಚಿಕೆಯ ಮಾತು) ನಾನು ವೀರ್ಯ ಪರೀಕ್ಷೆಗೆ ಹೋದೆ. ಮಿಲಿಲೀಟರಿಗೆ 1.1 ಕೋಟಿ ವೀರ್ಯಾಣು ಎಂದು ವರದಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಮಿತಿ 1.6 ಕೋಟಿ.

ಸತು ನುಂಗಿದರೆ ವೀರ್ಯಾಣು ಹೆಚ್ಚುತ್ತವೆ ಎಂಬ ಗೆಳೆಯನೊಬ್ಬನ ಮಾತು ನಂಬಿ 50 ಮಿಲಿಗ್ರಾಂ ಸತುವಿನ ಮಾತ್ರೆಯನ್ನು ದಿನಕ್ಕೆರಡರಂತೆ ನುಂಗತೊಡಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಮೋಟರು ಹಚ್ಚಲು ಹೊರಟವನು ವಾಕರಿಕೆ ತಾಳಲಾರದೆ ಬದುವಿನ ಮೇಲೆ ಕುಳಿತುಬಿಡುತ್ತಿದ್ದೆ.

ಬಳ್ಳಾರಿಯ ಡಾಕ್ಟರು ಮಾತ್ರೆಯ ಡಬ್ಬಿ ನೋಡಿ ಮೊದಲು ನಿಲ್ಲಿಸಲು ಹೇಳಿದರು. ಪ್ರಾಸ್ಟೇಟ್ ಗ್ರಂಥಿಯಿಂದ ವೀರ್ಯಕ್ಕೆ ಸೇರುವ ಸತು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದು, ವೀರ್ಯಾಣುವಿನ ತಲೆಯೊಳಗಿನ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರಲು ಅದು ಬೇಕು. 1961ರಲ್ಲಿ ಆನಂದ ಪ್ರಸಾದ್ ಎಂಬ ವೈದ್ಯರು ಇರಾನಿನ ಶಿರಾಜ್ ಕಡೆಯ ಹಳ್ಳಿಗಳಲ್ಲಿ ಹುದುಗು ಬರಿಸದ ಗೋಧಿ ರೊಟ್ಟಿಯನ್ನೇ ನೆಚ್ಚಿಕೊಂಡು, ಬೆಳವಣಿಗೆ ಕುಂಠಿತವಾಗಿ ಪ್ರಾಯಕ್ಕೆ ಬಾರದೆ ಉಳಿದ ಯುವಕರನ್ನು ಕುರಿತು ಬರೆದು, ಸತುವಿನ ಕೊರತೆಯನ್ನು ಶಂಕಿಸಿದ್ದರು. ಆದರೆ ಕೊರತೆಯಿಲ್ಲದವರಿಗೂ ಮಾತ್ರೆಯಿಂದ ಫಲವುಂಟೆಂಬುದು ಬೇರೆ ಮಾತು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಂಡಸರು ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಸತುವನ್ನು ಫೋಲಿಕ್ ಆಮ್ಲದೊಡನೆ ತೆಗೆದುಕೊಂಡರೂ ವೀರ್ಯದ ಗುಣಮಟ್ಟವೂ ಹೆರಿಗೆಗಳೂ ಹೆಚ್ಚಲಿಲ್ಲ. ನನ್ನಂತೆ ಅತಿಯಾಗಿ ನುಂಗಿದರೆ ದೇಹ ತಾಮ್ರವನ್ನು ಹೀರುವುದು ಕುಗ್ಗುತ್ತದೆ.

ಗಂಡಸಿಗೆ ದಿನಕ್ಕೆ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ 17 ಮಿಲಿಗ್ರಾಂ ಸತುವನ್ನು ಊಟದಿಂದಲೇ ಪಡೆಯೋಣವೆಂದುಕೊಂಡೆ. ಜೋಳದಲ್ಲಿಯೂ ಕಾಳುಗಳಲ್ಲಿಯೂ ಇರುವ ಫೈಟಿಕ್ ಆಮ್ಲ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ; ನೆನೆಸಿ ಮೊಳಕೆ ಬರಿಸಿದರೆ ಅದು ತಗ್ಗುತ್ತದೆ. ರೊಟ್ಟಿ ಬಿಡಲಿಲ್ಲ, ಅದು ಆಗುವ ಮಾತೂ ಅಲ್ಲ. ಜೊತೆಗೆ ಮೊಳಕೆ ಬಂದ ಮಡಕಿ ಕಾಳು, ಎಳ್ಳಿನ ಹಿಂಡಿ, ಮೊಟ್ಟೆ, ವಾರಕ್ಕೊಮ್ಮೆ ಕುರಿ ಮಾಂಸ ಸೇರಿದವು. ಗುಟ್ಕಾ ಬಿಟ್ಟೆ, ಕಷ್ಟವಾದದ್ದು ಅದೊಂದೇ.

ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಹಿಡಿಯುವುದರಿಂದ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ, 1.9 ಕೋಟಿ ಬಂತು. ಗದ್ದೆಯಲ್ಲಾದರೆ ಒಂದು ಮಡಿಗೆ ಸತು ಹಾಕದೆ ಬಿಟ್ಟು ಹೋಲಿಸಿ ನೋಡುತ್ತಿದ್ದೆ. ಇಲ್ಲಿ ಊಟ ಬದಲಾದದ್ದೂ ಗುಟ್ಕಾ ಬಿಟ್ಟದ್ದೂ ಒಟ್ಟಿಗೇ ಆಯಿತು. ಮೇಲಾಗಿ ಈ ಎಣಿಕೆ ಸಲದಿಂದ ಸಲಕ್ಕೆ ತಾನಾಗಿಯೂ ಏರಿಳಿಯುವಂಥದ್ದು. ಇನ್ನೊಂದು ಪರೀಕ್ಷೆ ಸುಗ್ಗಿಯ ನಂತರ ಇದೆ.