ಒಬ್ಬರೇ ವಿಯೆಟ್ನಾಂಗೆ ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಮೊದಲ ಬಾರಿಗೆ ಒಬ್ಬರೇ ವಿದೇಶಕ್ಕೆ ಹೋಗಬಯಸುವವರಿಗೆ ವಿಯೆಟ್ನಾಂ ಒಳ್ಳೆಯ ಆಯ್ಕೆ. ವೀಸಾವನ್ನು ಮನೆಯಲ್ಲೇ ಕುಳಿತು ಪಡೆಯಬಹುದು, ಖರ್ಚು ಕೈಮೀರುವುದಿಲ್ಲ, ಊರಿಂದೂರಿಗೆ ರೈಲು, ಬಸ್ಸುಗಳಿವೆ. ಆದರೆ ಜೊತೆಗೊಬ್ಬರಿದ್ದಾಗ ಅವರ ಬಳಿ ಇನ್ನೊಂದು ಫೋನು, ಇನ್ನೊಂದು ಕಾರ್ಡು, ಇನ್ನೊಂದಿಷ್ಟು ಹಣ ತಾನಾಗಿಯೇ ಇರುತ್ತದೆ. ಒಬ್ಬರೇ ಹೊರಟಾಗ ಟಿಕೆಟ್, ವೀಸಾ, ನಕ್ಷೆ, ಬ್ಯಾಂಕಿನ ಒಟಿಪಿ ಎಲ್ಲವೂ ಒಂದೇ ಮೊಬೈಲಿನಲ್ಲಿ ಸೇರಿಕೊಂಡಿರುತ್ತವೆ. ಹೋ ಚಿ ಮಿನ್ ನಗರದಲ್ಲಿ ರಸ್ತೆಬದಿಯಲ್ಲಿ ನಿಂತು ಫೋನು ನೋಡುವವರ ಕೈಯಿಂದ ಬೈಕಿನಲ್ಲಿ ಬಂದವರು ಅದನ್ನು ಕಸಿದುಕೊಂಡು ಹೋಗುವ ಪ್ರಕರಣಗಳು ಆಗಾಗ ನಡೆಯುತ್ತವೆ. ಆದ್ದರಿಂದ ಫೋನು ಕಳೆದುಹೋದರೂ ಆ ರಾತ್ರಿ ತಂಗುವ ಜಾಗ ತಲುಪಿ, ಮರುದಿನ ಪ್ರಯಾಣ ಮುಂದುವರಿಸಲು ಸಾಧ್ಯವಾಗುವಂತೆ ಸಿದ್ಧತೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಿನಾಂಕ ಗೊತ್ತುಮಾಡುವಾಗ ಆ ದೇಶ ಉತ್ತರ ದಕ್ಷಿಣವಾಗಿ ಬಹಳ ಉದ್ದವಾಗಿದೆ ಎಂಬುದು ನೆನಪಿರಲಿ. ಡಿಸೆಂಬರ್, ಜನವರಿಯಲ್ಲಿ ಹೋ ಚಿ ಮಿನ್ ನಗರದಲ್ಲಿ ಬಿಸಿಲಿದ್ದರೆ ಹನೋಯ್‌ನಲ್ಲಿ ಸ್ವೆಟರ್ ಬೇಕಾಗುತ್ತದೆ. ಮಧ್ಯಭಾಗದ ಹೋಯ್ ಆನ್‌ನಲ್ಲಿ ಅಕ್ಟೋಬರ್, ನವೆಂಬರ್ ಪ್ರವಾಹದ ಕಾಲ. ಚಾಂದ್ರಮಾನದ ಹೊಸವರ್ಷವಾದ ತೆತ್ ಹಬ್ಬದ ವಾರದಲ್ಲಿ ಕಚೇರಿ, ಅಂಗಡಿಗಳು ಮುಚ್ಚಿರುವುದರಿಂದ ಮೊದಲ ಪ್ರವಾಸಕ್ಕೆ ಆ ದಿನಗಳು ಬೇಡ.

ಇ-ವೀಸಾಕ್ಕೆ ವಿಯೆಟ್ನಾಂ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಬೇಕು. 2023ರ ಆಗಸ್ಟ್ 15ರಿಂದ ಇದು 90 ದಿನಗಳವರೆಗೆ ಸಿಗುತ್ತಿದೆ. ಒಮ್ಮೆ ಪ್ರವೇಶಿಸುವ ವೀಸಾಕ್ಕೆ 25 ಡಾಲರ್, ಹಲವು ಬಾರಿ ಪ್ರವೇಶಿಸುವ ವೀಸಾಕ್ಕೆ 50 ಡಾಲರ್. ಇದಕ್ಕಿಂತ ಹೆಚ್ಚು ಕೇಳುವ ತಾಣ ಮಧ್ಯವರ್ತಿಯದೆಂದು ತಿಳಿಯಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿಯಾದರೂ ಉಳಿದಿರಲಿ.

ನಮ್ಮವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಹೆಸರಿನ ವಿಷಯದಲ್ಲಿ. ಮನೆತನದ ಹೆಸರಿಲ್ಲದ ಅನೇಕ ಕನ್ನಡಿಗರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದು, ‘ಮಂಜುನಾಥ ಬಸವರಾಜಪ್ಪ’ ಎಂಬಂತೆ ತನ್ನ ಹೆಸರೂ ತಂದೆಯ ಹೆಸರೂ ಗಿವನ್ ನೇಮ್‌ನಲ್ಲೇ ಇರುತ್ತವೆ. ಆಧಾರ್‌ನಲ್ಲಿ ಇರುವಂತೆ ಟಿಕೆಟನ್ನು ‘ಮಂಜುನಾಥ ಬಿ.’ ಎಂದು ಮಾಡಿಸಿದರೆ ವಿಮಾನ ನಿಲ್ದಾಣದ ಕೌಂಟರಿನಲ್ಲೇ ತಡೆಯಬಹುದು. ವೀಸಾ ಅರ್ಜಿಯಲ್ಲಿ ಒಂದು ಅಕ್ಷರವೂ ಬದಲಾಗದಂತೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ತುಂಬಿ. ಟಿಕೆಟಿನ ಸರ್‌ನೇಮ್ ಜಾಗದಲ್ಲಿ ಏನು ಬರೆಯಬೇಕೆಂದು ಹಣ ಕಟ್ಟುವ ಮೊದಲೇ ವಿಮಾನ ಕಂಪನಿಯನ್ನು ಕೇಳಿ, ಅವರ ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.

ಹಣವನ್ನು ಎರಡು ಪಾಲು ಮಾಡಬೇಕು. ಒಂದು ಕಾರ್ಡು ಮತ್ತು ಅರ್ಧದಷ್ಟು ಡಾಲರ್ ಮೈಮೇಲಿನ ಚೀಲದಲ್ಲಿ, ಇನ್ನೊಂದು ಬ್ಯಾಂಕಿನ ಕಾರ್ಡು ಮತ್ತು ಉಳಿದ ಡಾಲರ್ ಕೋಣೆಯಲ್ಲಿ ಬಿಡುವ ಬ್ಯಾಗಿನಲ್ಲಿ. ನಮ್ಮ ಬ್ಯಾಂಕುಗಳು ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿರುತ್ತದೆ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಎರಡೂ ಕಾರ್ಡುಗಳಿಗೆ ಅದನ್ನು ತೆರೆದು ಮಿತಿ ನಿಗದಿಪಡಿಸಿ. ಡಾಲರ್ ನೋಟುಗಳು ಹರಿಯದೆ, ಗೀಚದೆ ಹೊಸದಾಗಿರಲಿ, ಮಡಿಕೆ ಬಿದ್ದ ನೋಟಿಗೆ ಅಲ್ಲಿ ಕಡಿಮೆ ದರ ಹೇಳುತ್ತಾರೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ ನಾಣ್ಯವಾದ ಡಾಂಗ್ ಸುಮಾರು 300 ಆಗುವುದರಿಂದ ಸೊನ್ನೆಗಳು ಕಣ್ಣು ಕಟ್ಟುತ್ತವೆ. ಅದರಲ್ಲೂ 20,000 ಮತ್ತು 500,000ದ ನೋಟುಗಳೆರಡೂ ನೀಲಿ ಬಣ್ಣದವು. ರಾತ್ರಿ ಟ್ಯಾಕ್ಸಿಯ ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ 25 ಪಟ್ಟು ಹಣ ಹೋದಂತೆ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲೇ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನ ಮೊದಲ ಹಾಗೂ ಕೊನೆಯ ಪುಟ, ವೀಸಾ, ಟಿಕೆಟ್, ವಿಮೆ, ತಂಗುವ ಜಾಗಗಳ ವಿಳಾಸ ಇವೆಲ್ಲವನ್ನೂ ಎರಡು ಪ್ರತಿ ಮುದ್ರಿಸಿ ಎರಡೂ ಚೀಲಗಳಲ್ಲಿ ಇಡಬೇಕು. ವಿಳಾಸ ವಿಯೆಟ್ನಾಮಿ ಭಾಷೆಯಲ್ಲೂ ಇರಲಿ, ಚಾಲಕನಿಗೆ ತೋರಿಸಲು ಅದೇ ಬೇಕು. ಮನೆಯ ಎರಡು ಫೋನ್ ನಂಬರುಗಳನ್ನು ಬಾಯಿಪಾಠ ಮಾಡಿ. ಒಟಿಪಿಗಾಗಿ ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿ, ಡೇಟಾಕ್ಕೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಬಳಸುವುದು ಮೇಲು. ಸಾಧ್ಯವಿದ್ದರೆ ಮನೆಯಲ್ಲಿ ಬಿದ್ದಿರುವ ಹಳೆಯ ಫೋನನ್ನೂ ಚಾರ್ಜ್ ಮಾಡಿ, ಇ-ಮೇಲ್ ಲಾಗಿನ್ ಮಾಡಿ ಒಯ್ಯಿರಿ. ಪವರ್ ಬ್ಯಾಂಕನ್ನು ಮಾತ್ರ ಕೈಚೀಲದಲ್ಲೇ ಇಡಬೇಕು.

ಉತ್ತರ ವಿಯೆಟ್ನಾಂನ ಹಾ ಜಿಯಾಂಗ್‌ನ ಬೆಟ್ಟದ ದಾರಿಯಲ್ಲಿ ಬೈಕ್ ಓಡಿಸುವ ಆಸೆ ಅನೇಕರಿಗೆ ಇರುತ್ತದೆ. ಭಾರತದಲ್ಲಿ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು, ಹಾಗಾಗಿ ನಮ್ಮದು ಅಲ್ಲಿ ನಡೆಯುವುದಿಲ್ಲ. ಬಾಡಿಗೆಗೆ ಕೊಡುವವರು ಏನನ್ನೂ ಕೇಳದೆ ಕೀ ಕೊಟ್ಟರೂ ಅಪಘಾತವಾದರೆ ಪ್ರವಾಸ ವಿಮೆಯವರು ಪರವಾನಗಿಯನ್ನೇ ಮೊದಲು ಕೇಳುತ್ತಾರೆ. ದಯವಿಟ್ಟು ಸ್ಥಳೀಯ ಸವಾರನ ಹಿಂದೆ ಕುಳಿತೇ ಆ ದಾರಿ ನೋಡಿ.

ಸಸ್ಯಾಹಾರಿಗಳು ‘ಚಾಯ್’ (chay, ಅಂದರೆ ಸಸ್ಯಾಹಾರ) ಎಂಬ ಫಲಕವಿರುವ ಹೋಟೆಲುಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳಬೇಕು, ಏಕೆಂದರೆ ಬೇರೆಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ.

ಪಾಸ್‌ಪೋರ್ಟ್ ಕಳೆದರೆ ಸ್ಥಳೀಯ ಪೊಲೀಸರಿಂದ ವರದಿ ಪಡೆದು, ಹನೋಯ್‌ನ ಭಾರತೀಯ ರಾಯಭಾರ ಕಚೇರಿಗೋ ಹೋ ಚಿ ಮಿನ್ ನಗರದ ಕಾನ್ಸುಲೇಟ್‌ಗೋ ಹೋಗಬೇಕು. ಅವರು ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಟ್ಟ ಮೇಲೂ ವಿಯೆಟ್ನಾಂ ವಲಸೆ ಇಲಾಖೆಯಿಂದ ದೇಶ ಬಿಡಲು ಅನುಮತಿ ಪಡೆಯಬೇಕಾಗುತ್ತದೆ, ಇದಕ್ಕೆ ಹಲವು ದಿನ ಹಿಡಿಯಬಹುದು. ಆದ್ದರಿಂದ ಮರಳುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ದಿನಾಂಕ ಬದಲಾಯಿಸಲು ಬರುವಂಥದ್ದಾಗಿರಲಿ. ಈ ಎರಡು ಭಾರತೀಯ ಕಚೇರಿಗಳ ನಂಬರು, ಯಾವ ದಿನ ಎಲ್ಲಿರುತ್ತೀರಿ ಎಂಬ ಪಟ್ಟಿ ಮತ್ತು ದಾಖಲೆಗಳ ಒಂದು ಪ್ರತಿ ಮನೆಯಲ್ಲಿ ಒಬ್ಬರ ಬಳಿ ಇರಬೇಕು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ, ಅಂದರೆ ಇಲ್ಲಿ ಏಳೂವರೆಗೆ, ದಿನವೂ ಒಂದು ಸಂದೇಶ ಕಳುಹಿಸುವುದೆಂದೂ, ಅದು ಎಷ್ಟು ಹೊತ್ತು ಬಾರದಿದ್ದರೆ ಮೊದಲು ಹೋಟೆಲಿಗೆ, ಆಮೇಲೆ ರಾಯಭಾರ ಕಚೇರಿಗೆ ಕರೆ ಮಾಡಬೇಕೆಂದೂ ಅವರೊಂದಿಗೆ ಕುಳಿತು ಮಾತಾಡಿಕೊಂಡೇ ಹೊರಡಿ.