ಪದರ ದಪ್ಪವಾದಾಗ ಕರೆಂಟು ಎಲ್ಲಿ ಹೋಯಿತು?

ಆರ್ಗ್ಯಾನಿಕ್ ಸೋಲಾರ್ ಸೆಲ್ (ಸಿಲಿಕಾನ್ ಬದಲು ಇಂಗಾಲದ ಸಂಯುಕ್ತಗಳಿಂದ ಮಾಡಿದ ಸೌರಕೋಶ) ಮಾಡುವವರಿಗೆ 100 ನ್ಯಾನೊಮೀಟರ್ ಅಂದರೆ ಮನೆದೇವರು ಇದ್ದ ಹಾಗೆ. ಬೆಳಕು ಹೀರುವ ಪದರ ಅಷ್ಟು ತೆಳ್ಳಗಿದ್ದರೆ ಸೆಲ್ ಚೆನ್ನಾಗಿ ಕೆಲಸ ಮಾಡುತ್ತದೆ. ನಾನೂ ಎರಡು ವರ್ಷ ಅದನ್ನೇ ಮಾಡುತ್ತಿದ್ದೆ. ಆದರೆ ಮುಂದೆ ಇದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಿಂದ ಬಳಿಯಬೇಕು, ಅಲ್ವಾ? ಮೀಟರುಗಟ್ಟಲೆ ಉದ್ದಕ್ಕೂ 100 ನ್ಯಾನೊಮೀಟರ್ ಬಳಿಯೋದು ಕಷ್ಟ. ಚೂರು ಧೂಳು ಕೂತರೂ ತೂತು, ತೂತಾದರೆ ಶಾರ್ಟ್. 300 ಇದ್ದರೆ ಸ್ವಲ್ಪ ಧೈರ್ಯ.

ನನ್ನ ಕೈಲಿದ್ದದ್ದು ಪಿಎಂ6 ಮತ್ತು ವೈ6 ಮಿಶ್ರಣ. ಪಿಎಂ6 ಒಂದು ಪಾಲಿಮರ್, ಹೋಲ್ ಅಂದರೆ ಧನ ಚಾರ್ಜ್ ಸಾಗಿಸುತ್ತದೆ; ವೈ6 ಸಣ್ಣ ಅಣು, ಎಲೆಕ್ಟ್ರಾನ್ ಸಾಗಿಸುತ್ತದೆ. ವೈ6 ಅನ್ನು 2019ರಲ್ಲಿ ಚೀನಾದ ಒಂದು ತಂಡ ಪ್ರಕಟಿಸಿತು. ಆಗಲೇ ಅವರು 15.7 ಶೇಕಡಾ ದಕ್ಷತೆ ತೋರಿಸಿದ್ದರು. 300 ನ್ಯಾನೊಮೀಟರ್ ದಪ್ಪದಲ್ಲೂ 13.6 ಉಳಿದಿತ್ತು. ಅದನ್ನು ಓದಿಯೇ ನಾನು ಕೈ ಹಾಕಿದ್ದು.

ಗಾಜನ್ನು ಗಿರಗಿರ ತಿರುಗಿಸಿ ದ್ರಾವಣ ಹರಡಿ ಪದರ ಮಾಡುವುದು ನಮ್ಮ ಪದ್ಧತಿ. ದಪ್ಪ ಮಾಡಲು ದ್ರಾವಣವನ್ನು ಗಟ್ಟಿ ಮಾಡಿದೆ, ಈ ತಿರುಗುವ (ಸ್ಪಿನ್) ವೇಗ ಇಳಿಸಿದೆ. ತೆಳು ಸೆಲ್‌ನಲ್ಲಿ 15ರ ಹತ್ತಿರ ಬರುತ್ತಿದ್ದ ದಕ್ಷತೆ 11ಕ್ಕೆ ಬಂತು. ಕರೆಂಟು ಚೂರು ಜಾಸ್ತಿಯೇ ಆಗಿತ್ತು, ವೋಲ್ಟೇಜು ಹೆಚ್ಚುಕಡಿಮೆ ಹಾಗೇ ಇತ್ತು. ಬಿದ್ದದ್ದು ಫಿಲ್ ಫ್ಯಾಕ್ಟರ್, 73ರಿಂದ 53ಕ್ಕೆ. ಸೆಲ್ಲಿನ ಗರಿಷ್ಠ ಕರೆಂಟು ಮತ್ತು ಗರಿಷ್ಠ ವೋಲ್ಟೇಜನ್ನು ಗುಣಿಸಿದರೆ ಬರುವುದರಲ್ಲಿ ಶೇಕಡಾ ಎಷ್ಟು ನಿಜವಾಗಿ ಶಕ್ತಿಯಾಗಿ ಸಿಗುತ್ತದೆ ಅನ್ನುವ ಲೆಕ್ಕ ಅದು. ಕರೆಂಟು ಏರಿದ್ದು ನೋಡಿ ಖುಷಿಪಟ್ಟು ಮೊದಲ ವಾರ ಸುಮ್ನೆ ಹಾಳು ಮಾಡಿಕೊಂಡೆ.

ಆಮೇಲೆ ಪದರಕ್ಕೆ ಗೀರು ಹಾಕಿ ಪ್ರೊಫೈಲೋಮೀಟರಿನಲ್ಲಿ (ಮೇಲ್ಮೈಯ ಏರಿಳಿತ ಅಳೆಯುವ ಉಪಕರಣ) ಆಳ ಅಳೆದೆ. ನಾನು 300 ಅಂದುಕೊಂಡದ್ದು 380 ಇತ್ತು! ಸ್ಪಿನ್ ವೇಗ ನೋಡಿ ದಪ್ಪ ಊಹಿಸುವ ಚಟ ಅಲ್ಲಿಗೆ ಬಿಟ್ಟೆ. 300ಕ್ಕೆ ಇಳಿಸಿದರೂ ಫಿಲ್ ಫ್ಯಾಕ್ಟರ್ 56 ದಾಟಲಿಲ್ಲ.

ಹಿಮ್ಮುಖ ವೋಲ್ಟೇಜ್ ಕೊಟ್ಟು ನೋಡಿದೆ. ಬೆಳಕಿನಲ್ಲಿ ಕರೆಂಟು ಏರುತ್ತಲೇ ಹೋಯಿತು. ಕತ್ತಲೆಯಲ್ಲಿ ಏನೂ ಸೋರುತ್ತಿರಲಿಲ್ಲ. ಅಂದರೆ ಬೆಳಕಿನಿಂದ ಚಾರ್ಜ್ ಹುಟ್ಟುತ್ತಿದೆ, ಆದರೆ ಅದು ಹೊರಗೆ ಬರುವ ಮೊದಲೇ ಧನ, ಋಣ ಎರಡೂ ದಾರಿಯಲ್ಲಿ ಕೂಡಿ ಮುಗಿದುಹೋಗುತ್ತಿವೆ. ಜೋರಾಗಿ ಎಳೆದರೆ ಮಾತ್ರ ಈಚೆ ಬರುತ್ತವೆ.

ಇಲ್ಲಿ ನಾನು ಬಹಳ ದಿನ ಗಮನಿಸದೇ ಇದ್ದ ಒಂದು ವಿಷಯ ಇದೆ. ದಪ್ಪ ಪದರದಲ್ಲಿ ಬೆಳಕು ಎಲ್ಲ ಕಡೆ ಸಮನಾಗಿ ಇಳಿಯುವುದಿಲ್ಲ. ಬೆಳಕು ಒಳಬರುವ ಗಾಜಿನ ಕಡೆಯ ಭಾಗವೇ ಹೆಚ್ಚಿನ ಬೆಳಕನ್ನು ಕುಡಿದುಬಿಡುತ್ತದೆ. ಹಾಗಾಗಿ ಚಾರ್ಜ್ ಹುಟ್ಟುವುದೂ ಅಲ್ಲೇ. ಒಂದು ಜಾತಿಯ ಚಾರ್ಜಿಗೆ ಮನೆ ಪಕ್ಕದಲ್ಲೇ, ಇನ್ನೊಂದು ಪೂರ್ತಿ ಪದರ ದಾಟಬೇಕು. ನನ್ನ ಮಿಶ್ರಣದಲ್ಲಿ ಅಳೆದರೆ ಹೋಲ್‌ಗಳ ಚಲನೆ ಎಲೆಕ್ಟ್ರಾನಿನದರ ಮೂರರಲ್ಲೊಂದು ಪಾಲು. ನಾನು ಮಾಡುತ್ತಿದ್ದದ್ದು ಗಾಜಿನ ಕಡೆ ಎಲೆಕ್ಟ್ರಾನ್ ಹೊರತೆಗೆಯುವ ಜಿಂಕ್ ಆಕ್ಸೈಡ್ ಇರುವ ತಿರುಗುಮುರುಗು ವಿನ್ಯಾಸ. ಅದರಲ್ಲಿ ದೂರ ನಡೆಯಬೇಕಾದದ್ದು ಹೋಲ್, ಅಂದರೆ ಕುಂಟನಿಗೇ ಉದ್ದದ ದಾರಿ. 100 ನ್ಯಾನೊಮೀಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ.

ವಿನ್ಯಾಸ ಬದಲಿಸಿದೆ. ಐಟಿಓ (ಕರೆಂಟು ಹರಿಯುವ ಪಾರದರ್ಶಕ ಲೇಪ) ಇರುವ ಗಾಜಿನ ಮೇಲೆ ಹೋಲ್ ಹೊರತೆಗೆಯುವ ಪೆಡಾಟ್:ಪಿಎಸ್‌ಎಸ್, ಅದರ ಮೇಲೆ ಮಿಶ್ರಣ, ಮೇಲೆ ಎಲೆಕ್ಟ್ರಾನ್ ಹೊರತೆಗೆಯುವ ಪಿಡಿನೊ, ಬೆಳ್ಳಿ. ಬೇರೇನೂ ಮುಟ್ಟಲಿಲ್ಲ. ಫಿಲ್ ಫ್ಯಾಕ್ಟರ್ 61ಕ್ಕೆ ಬಂತು. ಆವತ್ತು ಸಂಜೆ ಕ್ಯಾಂಟೀನಿನಲ್ಲಿ ಎರಡು ಕಾಫಿ ಕುಡಿದೆ.

ಉಳಿದದ್ದು ಒಣಗುವ ವಿಚಾರ. ಮಿಶ್ರಣ ಕರಗಿಸಿದ್ದ ಕ್ಲೋರೋಫಾರ್ಮ್ 61 ಡಿಗ್ರಿಯಲ್ಲೇ ಕುದಿಯುತ್ತದೆ, ಪದರ ಸೆಕೆಂಡುಗಳಲ್ಲಿ ಒಣಗುತ್ತದೆ. ದಪ್ಪ ಪದರದಲ್ಲಿ ಮೇಲ್ಮೈ ಮೊದಲು ಗಟ್ಟಿಯಾಗಿ ಒಳಗೆ ಒದ್ದೆ ಉಳಿಯುತ್ತದೆ, ಕಾವಲಿ ಮೇಲೆ ದಪ್ಪ ದೋಸೆ ಹಾಕಿದ ಹಾಗೆ. ಒಳಗಿನ ಜೋಡಣೆ ಎಡವಟ್ಟಾಗುತ್ತದೆ. ಮಿಶ್ರಣ ಬಿಟ್ಟು ಎರಡು ಹಂತ ಮಾಡಿದೆ: ಮೊದಲು ಬಿಸಿ ಕ್ಲೋರೋಬೆಂಜೀನಿನಲ್ಲಿ ಕರಗಿಸಿದ ಪಿಎಂ6, ಅದು ಒಣಗಿದ ಮೇಲೆ ಕ್ಲೋರೋಫಾರ್ಮಿನ ವೈ6. ಎರಡನೆಯದು ಮೊದಲನೆಯದನ್ನು ಸ್ವಲ್ಪ ಉಬ್ಬಿಸಿ ಒಳಗೆ ಇಳಿಯುತ್ತದೆ. ಹೋಲ್ ಹೊರಬೀಳುವ ಕಡೆ ಪಿಎಂ6 ಜಾಸ್ತಿ, ಎಲೆಕ್ಟ್ರಾನ್ ಹೊರಬೀಳುವ ಕಡೆ ವೈ6 ಜಾಸ್ತಿ.

ಕಷ್ಟ ಕೊಟ್ಟದ್ದು ಪಿಎಂ6. ದ್ರಾವಣ ತಣ್ಣಗಾದರೆ ಜೆಲ್ಲಿಯಂತಾಗುತ್ತದೆ. ಬಿಸಿ ಸಿರಿಂಜು, ಬಿಸಿ ಗಾಜು ಎರಡೂ ಬೇಕು. ಇದು ಮರೆತ ದಿನ ಪದರದ ಮೇಲೆ ಧೂಮಕೇತುವಿನಂಥ ಗೀರುಗಳು. ವೈ6 ಹಾಕುವಾಗ ತಡಮಾಡಿದರೆ ಕೆಳಗಿನ ಪದರ ಹೆಚ್ಚು ಕರಗುತ್ತದೆ, ಹಾಗಾಗಿ ಗಾಜು ತಿರುಗುತ್ತಿರುವಾಗಲೇ ಒಂದೇ ಸಲ ಸುರಿಯಬೇಕು. ಕೈ ಪಳಗಲು ಸುಮಾರು ನಲವತ್ತು ಗಾಜು ಹೋದವು.

ಕೊನೆಗೆ 310 ನ್ಯಾನೊಮೀಟರಿನಲ್ಲಿ ಫಿಲ್ ಫ್ಯಾಕ್ಟರ್ 65, ದಕ್ಷತೆ 13.8. ಒಂದೇ ಬ್ಯಾಚಿನ ಸೆಲ್‌ಗಳಲ್ಲಿ ಒಳ್ಳೆಯದು ಇದು, ಸರಾಸರಿ 13.2. ಈಗ ಕ್ಲೋರೋಫಾರ್ಮ್ ಬಿಟ್ಟು ಆರ್ಥೋ-ಜೈಲೀನ್ ಅನ್ನುವ ಬೇರೆ ದ್ರಾವಕದಲ್ಲಿ, ಬ್ಲೇಡಿನಿಂದ ಬಳಿದು ನೋಡುತ್ತಿದ್ದೇನೆ. ಸದ್ಯಕ್ಕೆ ಅಂಚಿನಲ್ಲಿ ದಪ್ಪ, ನಡುವೆ ತೆಳು.