ಒಂದೇ ಸೇವ್ ಫೈಲ್‌ನಿಂದ ನಾಲ್ಕು ಅಂತ್ಯಗಳು: ಮಾಸ್ ಎಫೆಕ್ಟ್ 3 ಆಡಿದ ನನ್ನ ಅನುಭವ

ಬಾಹ್ಯಾಕಾಶ ಯುದ್ಧದ ವಿಡಿಯೊ ಗೇಮ್ ಆದ ಮಾಸ್ ಎಫೆಕ್ಟ್ 3ರ ಅಂತ್ಯಗಳ ಕುರಿತು ವಾದಕ್ಕೆ ನಿಲ್ಲುವವರಲ್ಲಿ ಹೆಚ್ಚಿನವರು ತಾವು ಆಡಿದ ಒಂದು ಅಂತ್ಯವನ್ನೂ ಯೂಟ್ಯೂಬ್‌ನಲ್ಲಿ ನೋಡಿದ ಉಳಿದವುಗಳನ್ನೂ ತೂಗಿ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಆ ತೂಕ ಸರಿಬರುವುದಿಲ್ಲ. 2007ರಲ್ಲಿ ಬಂದ ಮೊದಲ ಗೇಮ್‌ನಿಂದ 2012ರ ಮೂರನೆಯದರವರೆಗೆ ನಾವು ತೆಗೆದುಕೊಂಡ ನಿರ್ಧಾರಗಳೆಲ್ಲ ಬೆನ್ನಿಗೆ ಬರುತ್ತವೆ. ಒಬ್ಬನ ವಿಡಿಯೊದಲ್ಲಿ ಕ್ರೋಗನ್ ಜನಾಂಗದ ಯೋಧ ರೆಕ್ಸ್ ಬದುಕಿರುತ್ತಾನೆ, ಇನ್ನೊಬ್ಬನದರಲ್ಲಿ ಸತ್ತಿರುತ್ತಾನೆ, ಮೂರನೆಯವನು ಗೆತ್ ಯಂತ್ರಜೀವಿಗಳನ್ನು ಆಗಲೇ ಅಳಿಸಿಹಾಕಿರುತ್ತಾನೆ. ಹೀಗಿರುವಾಗ ಕೊನೆಯ ಆಯ್ಕೆಯಿಂದ ಆದ ವ್ಯತ್ಯಾಸ ಯಾವುದು, ಹಿಂದಿನ ಆಯ್ಕೆಗಳಿಂದ ಆದದ್ದು ಯಾವುದು ಎಂದು ಬಿಡಿಸುವುದು ಕಷ್ಟ. ಆದ್ದರಿಂದ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಕುಳಿತು ಒಂದೇ ಶೆಪರ್ಡ್ (ನಾವು ಆಡುವ ನಾಯಕ ಪಾತ್ರ), ಆಟ ನಿಂತ ಹಂತವನ್ನು ಕಾಪಿಡುವ ಒಂದೇ ಸೇವ್ ಫೈಲ್ ಇಟ್ಟುಕೊಂಡು ನಾಲ್ಕೂ ಅಂತ್ಯಗಳನ್ನು ಆಡಿ ನೋಡಿದೆ. ಕಥೆಯ ಗುಟ್ಟೆಲ್ಲ ಮುಂದೆ ಬಯಲಾಗುತ್ತದೆ. ಇನ್ನೂ ಆಡದವರು ಇಲ್ಲಿಯೇ ನಿಲ್ಲುವುದು ಒಳ್ಳೆಯದು.

ನಾನು ಬಳಸಿದ್ದು ಮೂರೂ ಗೇಮ್‌ಗಳನ್ನು ಕೂಡಿಸಿ 2021ರಲ್ಲಿ ಬಂದ ಲೆಜೆಂಡರಿ ಎಡಿಷನ್. ಸರ್ಬರಸ್ ಪಡೆಯ ನೆಲೆಯ ಮೇಲೆ ದಾಳಿ ಮಾಡುವ ಮೊದಲು ಒಂದು ಸೇವ್ ಮಾಡಿ, ಆ ಫೈಲನ್ನು ಬೇರೆ ಫೋಲ್ಡರ್‌ಗೂ ಪೆನ್‌ಡ್ರೈವ್‌ಗೂ ನಕಲು ಮಾಡಿಟ್ಟೆ. ಆಟ ಮುಗಿದ ಮೇಲೆ ಗೇಮ್ ತಾನಾಗಿಯೇ ನಮ್ಮನ್ನು ಆ ದಾಳಿಯ ಮುಂಚಿನ ಹಂತಕ್ಕೆ ತಂದು ಬಿಡುತ್ತದೆಯಾದರೂ, ಕೈಯಲ್ಲಿ ನಕಲು ಇದ್ದರೆ ಧೈರ್ಯ. ಭೂಮಿಯ ಮೇಲಿನ ಕೊನೆಯ ಕದನವನ್ನು ಮಾತ್ರ ಪ್ರತಿ ಸಲವೂ ಆಡಲೇಬೇಕು, ಅದರಿಂದ ಬಿಡುಗಡೆಯಿಲ್ಲ. ಪ್ರತಿ ಸಲವೂ ಜೊತೆಗಾರರು ಅವರೇ, ಸಂಭಾಷಣೆಯಲ್ಲಿ ಆರಿಸಿದ ಉತ್ತರಗಳೂ ಅವೇ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಕಥೆಯ ಕೊನೆಯನ್ನು ಯಾರ ಧ್ವನಿ ಹೇಳುತ್ತದೆ, ಯಾರ ಚಿತ್ರ ಬರುತ್ತದೆ, ಯಾರ ಹೆಸರು ಬರುವುದೇ ಇಲ್ಲ ಎಂದು ಬರೆಯುತ್ತ ಹೋದೆ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಈ ಕೊನೆಯ ಕಾಲಂ.

2012ರ ಮಾರ್ಚ್‌ನಲ್ಲಿ ಬಂದ ಮೂಲ ಆವೃತ್ತಿಯ ಅಂತ್ಯಗಳ ಮೇಲೆ ಆಟಗಾರರು ಸಿಟ್ಟಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾಗರಿಕತೆಗಳನ್ನು ಅಳಿಸಲು ಬಂದ ರೀಪರ್ ಯಂತ್ರಗಳ ಮುಂದೆ ಶೆಪರ್ಡ್‌ಗೆ ಕೊನೆಗೆ ಮೂರು ದಾರಿಗಳಿದ್ದವು: ಅವುಗಳನ್ನು ನಾಶಮಾಡುವ ವಿನಾಶ (ಕೆಂಪು), ತಾನೇ ಅವುಗಳ ಒಡೆಯನಾಗುವ ನಿಯಂತ್ರಣ (ನೀಲಿ), ಜೀವಿಗಳನ್ನೂ ಯಂತ್ರಗಳನ್ನೂ ಒಂದಾಗಿಸುವ ಸಮ್ಮಿಲನ (ಹಸಿರು). ಕೆಂಪು, ನೀಲಿ, ಹಸಿರು ಬೆಳಕಿನ ಅಲೆ ಹೊರಡುತ್ತದೆ, ಶೆಪರ್ಡ್‌ನ ನಾರ್ಮಂಡಿ ನೌಕೆ ಯಾವುದೋ ಕಾಡಿನ ಗ್ರಹಕ್ಕೆ ಬಂದು ಬೀಳುತ್ತದೆ, ಮೂರರಲ್ಲಿಯೂ ಹೆಚ್ಚುಕಡಿಮೆ ಅವೇ ದೃಶ್ಯಗಳು. ಬಣ್ಣ ಬದಲಾಯಿತೇ ಹೊರತು ಅಂತ್ಯ ಬದಲಾಗಲಿಲ್ಲ ಎಂಬ ಆ ದೂರು ನ್ಯಾಯವಾದದ್ದೇ. ಬಯೋವೇರ್ ಸಂಸ್ಥೆ ಅದೇ ಜೂನ್‌ನಲ್ಲಿ ಎಕ್ಸ್‌ಟೆಂಡೆಡ್ ಕಟ್ ಎಂಬ ವಿಸ್ತೃತ ಅಂತ್ಯವನ್ನು ಉಚಿತವಾಗಿ ಕೊಟ್ಟಿತು. ಲೆಜೆಂಡರಿ ಎಡಿಷನ್‌ನಲ್ಲಿ ಅದೇ ಸೇರಿಕೊಂಡು ಬಂದಿದೆ. ಹೊಸ ಚಿತ್ರಗಳು ಬಂದವು, ಶೆಪರ್ಡ್ ಯಾವುದನ್ನೂ ಆರಿಸದೆ ನಿರಾಕರಿಸುವ ನಾಲ್ಕನೆಯ ದಾರಿಯೂ ಬಂತು. ಆದರೆ ನನ್ನ ದೃಷ್ಟಿಯಲ್ಲಿ ಅದು ತಂದ ದೊಡ್ಡ ಬದಲಾವಣೆಯೆಂದರೆ ಒಂದೊಂದು ಅಂತ್ಯಕ್ಕೂ ಒಬ್ಬೊಬ್ಬ ನಿರೂಪಕನನ್ನು ಕೊಟ್ಟದ್ದು. ವಿನಾಶದ ಅಂತ್ಯವನ್ನು ಅಡ್ಮಿರಲ್ ಹ್ಯಾಕೆಟ್ ಹೇಳುತ್ತಾನೆ, ನಿಯಂತ್ರಣದ್ದನ್ನು ಸ್ವತಃ ಶೆಪರ್ಡ್, ಸಮ್ಮಿಲನದ್ದನ್ನು ನೌಕೆಯ ಕೃತಕ ಬುದ್ಧಿಮತ್ತೆಯಾದ ಈಡಿ, ನಿರಾಕರಣೆಯದನ್ನು ಶೆಪರ್ಡ್‌ನ ಜೊತೆಗಾತಿ ಲಿಯಾರಾ ಬಿಟ್ಟುಹೋದ ಧ್ವನಿಮುದ್ರಣ. ಅಂತ್ಯಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಹೇಳುವವರು ಯಾರು, ಅವರು ಯಾರನ್ನು ಬಿಟ್ಟು ಹೇಳುತ್ತಾರೆ ಎಂಬುದರಲ್ಲಿ.

ವಿನಾಶದ ಅಂತ್ಯವನ್ನೇ ನೋಡಿ. ರೀಪರ್ ಯಂತ್ರಗಳ ಜೊತೆಗೆ ಎಲ್ಲ ಕೃತಕ ಜೀವಿಗಳೂ ಅಳಿಯುತ್ತವೆ ಎಂದು, ಈ ಆಯ್ಕೆಗಳನ್ನು ಮುಂದಿಡುವ ಬಾಲಕ ರೂಪದ ಕೃತಕ ಬುದ್ಧಿಮತ್ತೆಯಾದ ಕ್ಯಾಟಲಿಸ್ಟ್ ಮೊದಲೇ ಹೇಳಿರುತ್ತದೆ. ನನ್ನ ಸೇವ್ ಫೈಲ್‌ನಲ್ಲಿ ರಾನೋಕ್ ಗ್ರಹದ ಮೇಲೆ ಗೆತ್‌ಗಳನ್ನು ಸೃಷ್ಟಿಸಿದ ಕ್ವೇರಿಯನ್ನರಿಗೂ ಗೆತ್‌ಗಳಿಗೂ ಸಂಧಿಯಾಗಿತ್ತು. ಈ ಸಂಧಿ ಸುಲಭದ್ದಲ್ಲ. ಎರಡನೆಯ ಗೇಮ್‌ನಲ್ಲಿಯೇ ಅದಕ್ಕೆ ತಳಪಾಯ ಹಾಕಿರಬೇಕು, ಕೊನೆಗೆ ಲೀಜನ್ ಎಂಬ ಗೆತ್ ತನ್ನವರಿಗಾಗಿ ತನ್ನನ್ನೇ ಕೊಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ಕೆಂಪು ಬೆಳಕು ಹರಡುತ್ತದೆ, ಹ್ಯಾಕೆಟ್ ತನ್ನ ಗಂಭೀರ ಧ್ವನಿಯಲ್ಲಿ ಗೆಲುವು, ನಷ್ಟ, ಪುನರ್ನಿರ್ಮಾಣಗಳ ಮಾತಾಡುತ್ತಾನೆ, ಮತ್ತು ಆ ಇಡೀ ಮಾತಿನಲ್ಲಿ ಗೆತ್ ಎಂಬ ಹೆಸರೇ ಬರುವುದಿಲ್ಲ. ನಾನು ಆ ಭಾಗವನ್ನು ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿದೆ, ಇಲ್ಲ, ಬರುವುದಿಲ್ಲ. ಒಂದು ಇಡೀ ಜನಾಂಗ ನಿರೂಪಣೆಯಿಂದಲೇ ಬಿದ್ದುಹೋಗಿದೆ.

ಈ ಮೌನ ನನ್ನ ಕಿವಿಗೆ ಬೀಳಲು ನಮ್ಮ ಊರೂ ಕಾರಣವಿರಬಹುದು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಬಾಗಲಕೋಟೆಯ ಬಹುಭಾಗ ಹೋಗಿ, ಅಲ್ಲಿಯವರು ಸೆಕ್ಟರ್ ಸಂಖ್ಯೆಗಳ ನವನಗರಕ್ಕೆ ಬಂದು ನೆಲೆಸಿದರು. ಯೋಜನೆಯ ವರದಿಗಳಲ್ಲಿ ನೀರಾವರಿಯಾದ ಹೆಕ್ಟೇರುಗಳೂ 519.60 ಮೀಟರ್ ಎಂಬ ನೀರಿನ ಮಟ್ಟವೂ ಸ್ಪಷ್ಟವಾಗಿ ಕಾಣುತ್ತವೆ. ಮುಳುಗಿದ ಓಣಿಗಳ ಹೆಸರನ್ನು ಮನೆಯ ಹಿರಿಯರ ಬಾಯಿಂದಲೇ ಕೇಳಬೇಕು. ಜಲಾಶಯ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹ್ಯಾಕೆಟ್ ಹೇಳಿದ್ದೂ ಸುಳ್ಳಲ್ಲ.

ನನ್ನ ಕಾಕಾನ ಮಗ ನಿಯಂತ್ರಣದ ಪಕ್ಷದವನು. "ಯಾರೂ ಸಾಯಂಗಿಲ್ಲಲ್ಲೋ ಅಣ್ಣಾ, ಶೆಪರ್ಡ್ ಒಬ್ಬಾಂವ ಹೋಕ್ಕಾನ" ಎಂಬುದು ಅವನ ವಾದ. ಲೆಕ್ಕ ಸರಿಯಾಗಿದೆ. ಆದರೆ ಇಲ್ಲಿಯ ನಿರೂಪಣೆ ಶೆಪರ್ಡ್‌ನ ನಡತೆಗೆ ತಕ್ಕಂತೆ ಎರಡು ಬಗೆಯಾಗುತ್ತದೆ. ಸೌಮ್ಯವಾಗಿ, ಅಂದರೆ ಪ್ಯಾರಗಾನ್ ಆಗಿ, ಆಡಿದ್ದರೆ ಎಲ್ಲರನ್ನೂ ಕಾಯುತ್ತೇನೆ ಎನ್ನುವ ಧ್ವನಿ. ಕಠೋರವಾಗಿ, ಅಂದರೆ ರೆನೆಗೇಡ್ ಆಗಿ, ಆಡಿದ್ದರೆ ಅದೇ ಅಮರತ್ವದಲ್ಲಿ ನಿಂತು ಬಲದಿಂದ ಆಳುವವನ ಧ್ವನಿ. ರೀಪರ್‌ಗಳು ಅವೇ, ನೀಲಿ ಬೆಳಕೂ ಅದೇ. ಅವನಿಗೇ ಹಳೆಯ ರೆನೆಗೇಡ್ ಸೇವ್ ಒಂದನ್ನು ಹಾಕಿ ತೋರಿಸಿದಾಗ ಅವನು ಸುಮ್ಮನಾಗಲಿಲ್ಲ, "ಹಂಗಾರ ಹಂಗ ಆಡಬಾರದು" ಎಂದ. ಮುಂದೆ ಸಾವಿರಾರು ವರ್ಷ ಆ ಧ್ವನಿ ಸೌಮ್ಯವಾಗಿಯೇ ಉಳಿಯುತ್ತದೆ ಎಂಬುದಕ್ಕೆ ಆಧಾರವೇನು ಎಂಬ ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಸಾಮಾನ್ಯವಾಗಿ ಈ ಸರಣಿಯಲ್ಲಿ ನೀಲಿ ಬಣ್ಣ ಪ್ಯಾರಗಾನ್ ದಾರಿಯದು, ಕೆಂಪು ರೆನೆಗೇಡ್ ದಾರಿಯದು. ಶೆಪರ್ಡ್‌ನ ನಂಬಿಕಸ್ಥ ಹಿರಿಯ ಅಧಿಕಾರಿ ಆಂಡರ್ಸನ್‌ನ ದಾರಿಯಾದ ವಿನಾಶಕ್ಕೆ ಕೆಂಪನ್ನೂ, ಸರ್ಬರಸ್‌ನ ಮುಖ್ಯಸ್ಥನೂ ಶತ್ರುವೂ ಆದ ಇಲ್ಯೂಸಿವ್ ಮ್ಯಾನ್‌ನ ದಾರಿಯಾದ ನಿಯಂತ್ರಣಕ್ಕೆ ನೀಲಿಯನ್ನೂ ಬಳಿದದ್ದು ಅಂತ್ಯದ ಅತ್ಯಂತ ಜಾಣ ಕೆಲಸ ಎಂದು ನನಗನ್ನಿಸುತ್ತದೆ.

ಸಮ್ಮಿಲನವನ್ನು ನಾನು ಒಪ್ಪಲಾರೆ. ಅದು ತೆರೆದುಕೊಳ್ಳಲು ಹೆಚ್ಚು ಸೇನಾಬಲ ಕೂಡಿಸಿರಬೇಕು. ಅಂದರೆ ಗೇಮ್ ಅದನ್ನು ಮೇಲಿನ ಬಹುಮಾನವೆಂಬಂತೆ ಇಟ್ಟಿದೆ. ಇಲ್ಲಿ ಈಡಿ ತಾನು ಈಗ ಬದುಕಿದ್ದೇನೆ ಎಂದು ಹೇಳುವುದು ಮನಸ್ಸಿಗೆ ತಾಗುತ್ತದೆ, ನಿಜ. ಆದರೆ ಗೆಲಾಕ್ಸಿಯ ಜೀವಿಗಳೆಲ್ಲರ ಶರೀರವನ್ನು ಒಪ್ಪಿಗೆಯಿಲ್ಲದೆ ಬದಲಿಸಿದ ಮೇಲೆ, ಅದು ಬೇಡವಾಗಿದ್ದ ಒಬ್ಬರ ಧ್ವನಿಯೂ ಆ ಚಿತ್ರಗಳಲ್ಲಿ ಇಲ್ಲ.

ನಂತರ ತಿರುಗಿಸಿ ಪರೀಕ್ಷಿಸಿದೆ: ಕೊನೆಯ ಆಯ್ಕೆ ಒಂದೇ, ಹಿಂದಿನದು ಬೇರೆ. ಕ್ರೋಗನ್ ಜನಾಂಗದ ಸಂತಾನಶಕ್ತಿ ಮರಳಿ ಬಂದು ರೆಕ್ಸ್ ನಾಯಕನಾಗಿದ್ದರೆ ಮರಳಿ ಕಟ್ಟುವ ಚಿತ್ರ ಬರುತ್ತದೆ, ಅವನ ಬದಲು ರೀವ್ ಎಂಬ ಕ್ರೋಗನ್ ನಾಯಕನಾಗಿದ್ದರೆ ಯುದ್ಧದ ಸಿದ್ಧತೆಯ ಚಿತ್ರ. ಸೇನಾಬಲ ತೀರ ಕಡಿಮೆಯಿದ್ದರೆ ಆಯ್ಕೆಯೇ ಇರುವುದಿಲ್ಲ: ಎರಡನೆಯ ಗೇಮ್‌ನಲ್ಲಿ ಶತ್ರುಗಳಾದ ಕಲೆಕ್ಟರ್‌ಗಳ ನೆಲೆಯನ್ನು ಒಡೆದವರಿಗೆ ವಿನಾಶ ಮಾತ್ರ, ಉಳಿಸಿದವರಿಗೆ ನಿಯಂತ್ರಣ ಮಾತ್ರ. ಕೊನೆಯ ಬಣ್ಣಕ್ಕಿಂತ ಈ ಕವಲುಗಳಲ್ಲಿ ಬರಹಗಾರರ ಶ್ರಮ ಹೆಚ್ಚು ಕಾಣುತ್ತದೆ.

ನಿರಾಕರಣೆಯ ಕುರಿತು ಹೇಳುವುದು ಕಡಿಮೆ. ಕ್ಯಾಟಲಿಸ್ಟ್‌ನ ಬಾಲಕನ ಧ್ವನಿ ಒಮ್ಮೆಲೇ ದಪ್ಪಗಾಗುತ್ತದೆ, ರೀಪರ್‌ಗಳನ್ನು ಎದುರಿಸಲು ಕಟ್ಟಿದ ಯಂತ್ರ ಆರಿಹೋಗುತ್ತದೆ, ಎಲ್ಲರೂ ಸೋಲುತ್ತಾರೆ, ಲಿಯಾರಾ ಹೂತಿಟ್ಟ ಮಾಹಿತಿ ಮುಂದಿನ ಯುಗದವರ ಕೈಗೆ ಸಿಗುತ್ತದೆ. ನಾಲ್ಕರಲ್ಲಿ ಸೋತವರೇ ತಮ್ಮ ಕಥೆಯನ್ನು ಹೇಳುವುದು ಇದೊಂದರಲ್ಲಿಯೇ.

ನಾಲ್ಕನ್ನೂ ಆಡುವಷ್ಟು ಪುರಸೊತ್ತಿಲ್ಲದವರು ರಾನೋಕ್ ಸಂಧಿಯಾದ ಸೇವ್ ಫೈಲ್ ಒಂದರಿಂದ ವಿನಾಶವನ್ನೂ ನಿಯಂತ್ರಣವನ್ನೂ ಆಡಿದರೆ ಸಾಕು. ಸಬ್‌ಟೈಟಲ್ ಹಾಕಿಕೊಂಡಿರಿ, ಸಂಗೀತದ ಗದ್ದಲದಲ್ಲಿ ಹ್ಯಾಕೆಟ್‌ನ ಅರ್ಧ ಮಾತು ತಪ್ಪಿಹೋಗುತ್ತದೆ. ಮತ್ತು ವಿನಾಶದ ಕೊನೆಗೆ ನಾರ್ಮಂಡಿಯ ಸ್ಮಾರಕ ಗೋಡೆ ಬಂದಾಗ ಶೆಪರ್ಡ್‌ನ ಫಲಕವನ್ನಷ್ಟೇ ನೋಡದೆ, ಅಲ್ಲಿ ಈಗಾಗಲೇ ಸೇರಿರುವ ಈಡಿಯ ಹೆಸರನ್ನೂ ಹುಡುಕಿ.